ಬರಿ ತಕ್ಕಡಿ ಎತ್ತಿದ ವರ್ಷ

ಬೆಲೆ ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದಲ್ಲಿ ನನ್ನ ಪದ್ಧತಿ ಅದು. ಒಂಬತ್ತು ಗುಂಡುಗಳ ಒಂದು ಒಗಟಿಗೆ ನಾನು ತೆತ್ತದ್ದು ಹೊನ್ನಾಳಿಯ ರೇಡಿಯೊ ರಿಪೇರಿ ಅಂಗಡಿಯೊಂದರ ಕಿಟಕಿ ಪಕ್ಕದ ಮೇಜು. ಮೇಜೆಂದರೆ ಬರೀ ಹಲಗೆ ಅಂದುಕೊಳ್ಳಬೇಡಿ. ಬೆಳಗಿನಿಂದ ಸಂಜೆತನಕ ಬೆಳಕು ಬೀಳುವ ಜಾಗ, ನನ್ನ ಕೈಗೆ ಹೊಂದಿಕೊಂಡ ಬೆಸುಗೆ ಕಡ್ಡಿ, ಎರಡು ವರ್ಷ ಬೆನ್ನು ಬಗ್ಗಿಸಿ ಗಳಿಸಿದ ಗಿರಾಕಿಗಳು, "ಆ ಹುಡುಗಿ ಕೈಗೇ ಕೊಡ್ರಿ" ಎಂಬ ಮಾತು, ಎಲ್ಲ ಸೇರಿ ಒಂದು ಮೇಜು. ಅದನ್ನು ಯಾಕೆ ಕೊಟ್ಟೆನೆಂದರೆ, ಇಂಟರ್‌ವ್ಯೂನಲ್ಲಿ ಒಗಟು ಬಿಡಿಸಿದರೆ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಖಾತ್ರಿ ಎಂದು ನಂಬಿದ್ದೆ. ಒಗಟು ಬಿಡಿಸಿದೆ. ಸರಿಯಾದ ಗುಂಡು ನನ್ನ ಅಂಗೈಯಲ್ಲೇ ಇತ್ತು. ಕೆಲಸ ಮಾತ್ರ ಬೇರೆಯವರ ಪಾಲಾಯಿತು.

ಈ ಸಿಟ್ಟು ಆರಿದೆ ಅಂದುಕೊಂಡಿದ್ದೆ. ಹೋದ ತಿಂಗಳು ಕೆಲಸದ ಮೇಲೆ ಚನ್ನಗಿರಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎಲ್ಲಿಂದಲೋ ಚೊಗರಿನ ವಾಸನೆ ಬಂತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರಿನ ಆ ಒಗರು ವಾಸನೆ ಮೂಗಿಗೆ ಬಡಿದ ಕೂಡಲೇ ಎಂಬತ್ತರ ದಶಕದ ನಡುವಿನ ಆ ವರ್ಷ ಪೂರಾ ಎದ್ದು ಬಂದು ಎದುರಿಗೆ ನಿಂತಿತು. ನಿಂತು, "ಏನವ್ವಾ, ಗುಂಡು ಸಿಕ್ಕರೂ ಕೆಲಸ ಯಾಕೆ ತಪ್ತು ಅಂತ ಕಡೀಗೂ ಗೊತ್ತಾತಾ?" ಎಂದು ಕೇಳಿದಂತಾಯಿತು.

ನಮ್ಮವ್ವ ಚನ್ನಗಿರಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಸುಲಿದ ಅಡಿಕೆಯಲ್ಲೇ ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೆ. ಕ್ಲಾಸಿನಲ್ಲಿ ಹುಡುಗಿಯರು ಮೂವರು. ಉಳಿದಿಬ್ಬರು ಮದುವೆಯಾಗಿ ಹೋದರು. ನಾನು ಹೊನ್ನಾಳಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ರುದ್ರೇಶಣ್ಣನ ರೇಡಿಯೊ ಅಂಗಡಿ ಸೇರಿದೆ. ರುದ್ರೇಶಣ್ಣ ನನ್ನನ್ನು ಕಿಟಕಿ ಪಕ್ಕ ಕೂರಿಸಿದ್ದು ಕನಿಕರದಿಂದಲ್ಲ. ಹುಡುಗಿಯೊಬ್ಬಳು ರೇಡಿಯೊ ಬಿಚ್ಚುವುದನ್ನು ನೋಡಲು ಜನ ನಿಲ್ಲುತ್ತಿದ್ದರು.

"ಏನ್ರೀ ರುದ್ರೇಶಪ್ಪ, ಹೆಣ್ಮಗಳ ಕೈಗೆ ಬೆಂಕಿ ಕಡ್ಡಿ ಕೊಟ್ಟು ಕುಂದ್ರಿಸಿದೀರಿ?"

"ನೋಡಾಕೆ ಬಂದೀಯಲ್ಲ, ಎರಡು ಸೆಲ್ ತಗಂಡು ಹೋಗು ಮತ್ತೆ. ಪುಕ್ಕಟೆ ನೋಡಾಕೆ ಇದೇನು ಬಯಲಾಟನಾ?"

ಮಳೆಗಾಲದಲ್ಲಿ ಆ ಅಂಗಡಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಸೋರುವ ಮಾಡಿನಡಿ ನೆನೆದ ರೇಡಿಯೊಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಹೊಳೆ ಏರಿತೆಂದರೆ ಅದನ್ನು ನೋಡಲು ಅರ್ಧ ಊರು ಸೇತುವೆ ಮೇಲಿರುತ್ತಿತ್ತು, ನಾನು ಮೇಜಿನ ಮೇಲೆ ಬಗ್ಗಿರುತ್ತಿದ್ದೆ. ಹಾಗಿರುವಾಗ ಜಗಳೂರಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಬರೆದವನು ತಿಪ್ಪೇಸ್ವಾಮಿ, ಡಿಪ್ಲೊಮಾದಲ್ಲಿ ನನ್ನ ಜೊತೆಯವನು. ಓದಿನಲ್ಲಿ ನನಗಿಂತ ಒಂದು ಗುಲಗಂಜಿ ಕಡಿಮೆ, ತಾಳ್ಮೆಯಲ್ಲಿ ಒಂದು ಸೇರು ಹೆಚ್ಚು.

"ಗಿರಿಜಾ ಅವರಿಗೆ ನಮಸ್ಕಾರ," ಎಂದು ಬರೆದಿದ್ದ. "ಇಲ್ಲಿ ಮೋಡಗಳು ಬಂದು ನೋಡಿಕೊಂಡು ಹೋಗುತ್ತಿವೆ. ಬೆಂಗಳೂರಿನ ಇಂಟರ್‌ವ್ಯೂ ಮುಗಿಸಿ ಬಂದೆ. ಟ್ರಾನ್ಸಿಸ್ಟರ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಒಬ್ಬ ರೈತ, ಒಂದು ಹುಲಿ, ಒಂದು ಮೇಕೆ, ಒಂದು ಹೊರೆ ಹುಲ್ಲು, ಒಂದು ದೋಣಿ. ದೋಣಿಯಲ್ಲಿ ರೈತನ ಜೊತೆ ಒಂದನ್ನೇ ಒಯ್ಯಬಹುದು. ಬಿಟ್ಟು ಹೋದರೆ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. ದಾಟಿಸಿ ಎಂದರು. ನಾನು ದಡದಲ್ಲೇ ಉಳಿದೆ. ಇನ್ನು ಮುಂದೆ ಕಂಪ್ಯೂಟರ್ ಕಂಪನಿಗಳೆಲ್ಲ ಹೀಗೇ ಕೇಳುತ್ತವಂತೆ."

ಕಿಟಕಿಯಾಚೆ ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು. ನಾನು ಕಾಗದ ಓದಿ ಹೊಳೆಯನ್ನು ನೋಡಿದೆ, ಹೊಳೆಯನ್ನು ನೋಡಿ ಕಾಗದ ಓದಿದೆ. ರೇಡಿಯೊ ರಿಪೇರಿ ಮಾಡುವವಳಿಗೆ ಹುಲಿಯ ಹಂಗು ಯಾಕೆ ಎಂದು ತಲೆ ಬಿಸಿಯಾಯಿತು. ಆದರೂ ವ್ಯಾಪಾರಿ ಬುದ್ಧಿ ನೋಡಿ, ಅದೇ ದಿನ ಉತ್ತರ ಬರೆದು ಒಂದು ಕರಾರು ಹಾಕಿದೆ. ಇಬ್ಬರಲ್ಲಿ ಯಾರು ಇಂಟರ್‌ವ್ಯೂಗೆ ಮೊದಲು ಹೋಗುತ್ತಾರೋ ಅವರು ಹಿಂದೆ ಹೋಗುವವರಿಗೆ ಕೇಳಿದ್ದನ್ನೆಲ್ಲ ಹೇಳಬೇಕು. ಅರ್ಧ ಹೇಳುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ತಿಪ್ಪೇಸ್ವಾಮಿಗೆ ಅಲ್ಲಿ ಇಲ್ಲಿ ಓಡಾಡುವ ಅನುಕೂಲವಿತ್ತು, ನನಗಿರಲಿಲ್ಲ. ಹಾಗಾಗಿ ಮೊದಲು ಹೋಗುವವನು ಯಾವಾಗಲೂ ಅವನೇ, ಲಾಭ ಯಾವಾಗಲೂ ನನ್ನದೇ ಎಂದು ಲೆಕ್ಕ ಹಾಕಿದ್ದೆ. ಅವನು ಒಂದೇ ಸಾಲಿನಲ್ಲಿ ಒಪ್ಪಿಕೊಂಡ: "ಕರಾರು ಇಲ್ಲದಿದ್ದರೂ ಹೇಳುತ್ತಿದ್ದೆ."

ಕಾಗದಗಳು ಬರತೊಡಗಿದವು. ಯಾವಾಗಲೂ ನಿಜ ಹೇಳುವ ಅಣ್ಣ, ಯಾವಾಗಲೂ ಸುಳ್ಳು ಹೇಳುವ ತಮ್ಮ. ಮೂರು ಸ್ವಿಚ್ಚು, ಒಂದು ಬಲ್ಬು. ಕಪ್ಪು ಟೋಪಿ, ಬಿಳಿ ಟೋಪಿ. ಚಿಕ್ಕಮ್ಮ ಅಕ್ಷರ ಕೂಡಿಸಿ ಓದಬಲ್ಲವಳು. ಒಂದು ದಿನ ಒಲೆಯ ಮುಂದೆ ಕಾಗದ ಹಿಡಿದು ಕೂತಿದ್ದಳು.

"ಗಿರಿ, ಯಾರೇ ಈ ಸುಳ್ಳು ಹೇಳೋ ತಮ್ಮ?"

"ಅದು ಲೆಕ್ಕ ಚಿಕ್ಕಮ್ಮ."

"ನನ್ ಹತ್ರ ಆಡಬ್ಯಾಡ. ಹುಲಿ ಅಂತೆ, ಮೇಕೆ ಅಂತೆ, ಒಬ್ಬರನ್ನ ಬಿಟ್ಟು ಒಬ್ಬರು ದಾಟೋದಂತೆ. ಇದೇನು ಓಡಿ ಹೋಗಾಕೆ ಸಂಕೇತನಾ?"

ಅವಳಿಗೆ ಒಗಟನ್ನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಮೇಕೆ ಬಾಯಿಗೆ ಕುಕ್ಕೆ ಕಟ್ಟಿದ್ರೆ ಆತಪ್ಪ, ಹುಲ್ಲು ಉಳೀತು," ಅಂದಳು. ಕಣದಲ್ಲಿ ತೆನೆ ತುಳಿಯುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆ ಅದು. ನನಗೂ ಅದೇ ಹೊಳೆದಿತ್ತು ಎಂಬುದೇ ಕಷ್ಟಕ್ಕೆ ಕಾರಣವಾಯಿತು. ನಮ್ಮ ಕಡೆಯವರ ತಲೆ ಹೋಗುವುದೇ ಹಾಗೆ. ಕೊಟ್ಟ ದೋಣಿಯಲ್ಲಿ ಕೊಟ್ಟಷ್ಟೇ ಸಲ ದಾಟುವುದಕ್ಕಿಂತ ಮುಂಚೆ, ಬೇರೆ ಏನೇನು ಸಿಗುತ್ತದೆ ಎಂದು ದಡದಲ್ಲೇ ಹುಡುಕುತ್ತೇವೆ.

ನನಗೊಬ್ಬ ಗುರು ಬೇಕಿತ್ತು. ನ್ಯಾಮತಿಯಲ್ಲಿ ಮಹಾಲಿಂಗಪ್ಪ ಮೇಷ್ಟ್ರಿದ್ದರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ರೇಡಿಯೊ ಕೆಟ್ಟು ನಮ್ಮ ಅಂಗಡಿಗೆ ಬಂದಿತ್ತು. ರಿಪೇರಿ ಮುಗಿಸಿ ಭಾನುವಾರ ನಾನೇ ಹೊತ್ತುಕೊಂಡು ಹೋದೆ. ಬಸ್ಸಿನಲ್ಲಿ ಸೂರಗೊಂಡನಕೊಪ್ಪದ ಗುಡಿಗೆ ಹೊರಟ ಭಕ್ತರ ನಡುವೆ ರೇಡಿಯೊವನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮೇಷ್ಟ್ರ ಜಗುಲಿಯಲ್ಲೇ ಚೌಕಾಸಿ ನಡೆಯಿತು.

"ಮೇಷ್ಟ್ರೇ, ಇನ್ನು ಮುಂದೆ ನಿಮ್ಮನೇದು ಏನು ಕೆಟ್ಟರೂ ನಾನೇ ಬಂದು ಮಾಡಿಕೊಡ್ತೀನಿ. ಒಂದು ರಿಪೇರಿಗೆ ಮೂರು ಒಗಟು ಹೇಳಿಕೊಡ್ರಿ."

"ಒಂದು."

"ಎರಡು ಮಾಡ್ರಿ. ಮೇಲೆ ಒಂದು ಲೋಟ ಕಾಫಿ."

"ಕಾಫಿ ಕೊಡಬಹುದು. ನಿನಗೆ ಎರಡು ಒಗಟು ತಲೇಲಿ ನಿಲ್ತಾವಾ ಅಂತ ನನಗೆ ಅನುಮಾನ," ಅಂದರು ಮೇಷ್ಟ್ರು. ಒಳಗಿನಿಂದ ಅವರ ಹೆಂಡತಿ, "ಮೊದಲು ಆ ಇಸ್ತ್ರಿಪೆಟ್ಟಿಗೆ ನೋಡು ಬಾರವ್ವ, ಆಮೇಲೆ ಒಗಟು," ಎಂದು ಕರೆದರು.

ಹೀಗೆ ಆ ಮಳೆಗಾಲದ ಭಾನುವಾರಗಳೆಲ್ಲ ನ್ಯಾಮತಿಗೆ ಹೋದವು. ಮೇಷ್ಟ್ರ ಮನೆಯಲ್ಲಿ ಕೆಡುವಂಥದ್ದು ಎಲ್ಲ ರಿಪೇರಿಯಾಯಿತು. ನಾನು ಮಾತ್ರ ಆಗಲಿಲ್ಲ. ನನಗೆ ಉತ್ತರ ಬರುತ್ತಿರಲಿಲ್ಲ ಎಂದಲ್ಲ. ಉತ್ತರಕ್ಕಿಂತ ಮುಂಚೆ ತಕರಾರು ಬರುತ್ತಿತ್ತು.

"ಒಂದು ಕೋಣೆಯಲ್ಲಿ ಬಲ್ಬು, ಹೊರಗೆ ಮೂರು ಸ್ವಿಚ್ಚು..." ಎಂದು ಅವರು ಶುರು ಮಾಡಿದರೆ, "ಕರೆಂಟ್ ಐತಾ ಮೇಷ್ಟ್ರೇ?" ಎನ್ನುತ್ತಿದ್ದೆ. ಜಡಿಮಳೆಯಲ್ಲಿ ನ್ಯಾಮತಿಯಲ್ಲಿ ಕೂತು ಆ ಪ್ರಶ್ನೆ ಕೇಳುವುದು ತಪ್ಪೇ ನೀವೇ ಹೇಳಿ.

"ಐತೆ ಅಂತ ಇಟ್ಟುಕೋ."

"ಯಾವಾಗಲೂ ಸುಳ್ಳೇ ಹೇಳೋ ತಮ್ಮ ಅಂತೀರಲ್ಲ, ಅಂಥೋನು ಎಲ್ಲಿರ್ತಾನೆ? ಬರೀ ಸುಳ್ಳು ಹೇಳೋನ ವ್ಯಾಪಾರ ಮೂರು ದಿನ ನಡೆಯಲ್ಲ. ಒಳ್ಳೆ ಸುಳ್ಳುಗಾರ ಹತ್ತಕ್ಕೆ ಒಂಬತ್ತು ನಿಜ ಹೇಳ್ತಾನೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಅದು ಅವರಿಗೆ ಸಿಟ್ಟು ಬಂದ ಗುರುತು. "ನೋಡು ಹುಡುಗಿ, ಒಗಟು ಅಂದರೆ ಒಬ್ಬರ ಮನೆಗೆ ಊಟಕ್ಕೆ ಹೋದ ಹಂಗೆ. ಅವರು ಹಾಕಿದ ಮಣೆ ಮೇಲೆ ಕೂತು ಬಡಿಸಿದ್ದನ್ನ ಉಣ್ಣಬೇಕು. ಅಕ್ಕಿ ಯಾವ ಗದ್ದೇದು ಅಂತ ಕೇಳಬಾರದು. ನಿನಗೆ ಬುದ್ಧಿ ಐತೆ. ಆದರೆ ಸುಮ್ನಿರಾಕೆ ಬರಲ್ಲ."

ಒಂಬತ್ತು ಗುಂಡಿನ ಒಗಟನ್ನು ಕಲಿಸಿದವರೂ ಅವರೇ. ನೋಡಲು ಒಂದೇ ಥರದ ಒಂಬತ್ತು ಗುಂಡು, ಒಂದು ಮಾತ್ರ ಚೂರು ಭಾರ. ತಕ್ಕಡಿಯಲ್ಲಿ ಎರಡೇ ಸಲ ತೂಗಿ ಅದನ್ನು ಹುಡುಕಬೇಕು. ಮೂರು ಮೂರರ ಗುಂಪು ಮಾಡಿ ಎರಡು ಗುಂಪನ್ನು ತೂಗುವುದು. ಒಂದು ಕಡೆ ಇಳಿದರೆ ಭಾರದ್ದು ಅಲ್ಲೇ ಇದೆ, ಸಮ ನಿಂತರೆ ಹೊರಗುಳಿದ ಮೂರರಲ್ಲಿದೆ. ಆ ಮೂರರಲ್ಲಿ ಎರಡನ್ನು ಮತ್ತೆ ತೂಗಿದರೆ ಮುಗಿಯಿತು. ಇದನ್ನು ನಾನು ನಿದ್ದೆಗಣ್ಣಲ್ಲೂ ಹೇಳುವಷ್ಟು ಚೆನ್ನಾಗಿ ಕಲಿತೆ. ಇದನ್ನು ನೆನಪಿಡಿ, ನನಗೆ ಉತ್ತರ ಗೊತ್ತಿತ್ತು.

ಮಳೆ ಹಿಂದಾಗಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮಿಬ್ಬರಿಗೂ ಒಂದೇ ಕಂಪನಿಯಿಂದ ಕರೆ ಬಂತು. ಬ್ಯಾಂಕುಗಳಿಗೆ ಕಂಪ್ಯೂಟರ್ ಹಾಕಿಕೊಡುವ ಹೊಸ ಕಂಪನಿ, ದಾವಣಗೆರೆಯಲ್ಲಿ ರಿಪೇರಿ ಕೇಂದ್ರ ತೆರೆಯುತ್ತಿತ್ತು. ಎರಡು ಹುದ್ದೆ. ಊರು ಬಿಟ್ಟು ದೂರ ಹೋಗಬೇಕಿಲ್ಲ, ಅವ್ವನನ್ನು ಅಡಿಕೆ ಕತ್ತಿಯ ಮುಂದಿನಿಂದ ಎಬ್ಬಿಸಿ ಕರೆದುಕೊಂಡು ಹೋಗಿ ಒಂದು ಬಾಡಿಗೆ ಮನೆಯಲ್ಲಿಡಬಹುದು. ನನಗೆ ಬೇಕಿದ್ದುದು ಅಷ್ಟೇ. ಅವ್ವನ ಬೆರಳುಗಳು ಚೊಗರು ಹಿಡಿದು ಕಪ್ಪಾಗಿ, ಬಿರುಕು ಬಿಟ್ಟು, ಅನ್ನ ಕಲಸುವಾಗ ಉರಿಯುತ್ತಿದ್ದವು.

ಇಂಟರ್‌ವ್ಯೂಗೆ ಮುಂಚೆ ಹತ್ತು ದಿನ ರಜೆ ಬೇಕೆಂದು ರುದ್ರೇಶಣ್ಣನನ್ನು ಕೇಳಿದೆ.

"ಒಂದು ದಿನ ತಗ. ಹತ್ತು ಯಾಕೆ?"

"ಓದಬೇಕು ರುದ್ರೇಶಣ್ಣ."

"ನೋಡವ್ವ ಗಿರಿಜಾ, ಅಲ್ಲಿ ರಿಪೇರಿಗೆ ಬಂದಿರೋವು ಸಾಲಾಗಿ ಕುಂತಾವೆ. ಮೇಜು ಖಾಲಿ ಇಡಾಕೆ ಆಗಲ್ಲ. ಒಂದು ದಿನ ಹೋದರೆ ರಜೆ. ಹತ್ತು ದಿನ ಹೋದರೆ ಹೋದಂಗೆ. ನನ್ನ ಭಾಮೈದ ಕಾಯ್ತಾ ಅವನೆ."

ಆಗ ನಾನು ಐದು ದಿನಕ್ಕೆ ಇಳಿಸಬಹುದಿತ್ತು. ಜೀವನವೆಲ್ಲ ಚೌಕಾಸಿ ಮಾಡಿದವಳು ಅವತ್ತು ಮಾತ್ರ ಮಾಡಲಿಲ್ಲ. ಉತ್ತರ ಗೊತ್ತಿರುವ ಅಹಂಕಾರ ತಲೆಗೇರಿತ್ತು. ಬೆಸುಗೆ ಕಡ್ಡಿಯನ್ನು ಒರೆಸಿಟ್ಟು, ಕಿಟಕಿ ಮುಚ್ಚಿ ಎದ್ದು ಬಂದೆ.

ಆ ಹತ್ತು ದಿನ ಚನ್ನಗಿರಿಯಲ್ಲಿ ಅವ್ವನ ಜೊತೆಗಿದ್ದೆ. ಓದಿದೆ ಎನ್ನುವುದಕ್ಕಿಂತ ಅವಳ ಪಕ್ಕ ಕೂತು ಅಡಿಕೆ ಸುಲಿದೆ ಎನ್ನುವುದೇ ಸರಿ. ಸುಲಿಯುವ ಮಣೆಗೆ ನೆಟ್ಟ ಕತ್ತಿಗೆ ಕಾಯಿ ಒತ್ತುವುದು, ತಿರುಗಿಸುವುದು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೈ ಅದರ ಪಾಡಿಗೆ ಕೆಲಸ ಮಾಡುವಾಗ ಬಾಯಲ್ಲಿ ಹುಲಿ ಮೇಕೆ ದಾಟಿಸುತ್ತಿದ್ದೆ. ಪಕ್ಕದ ಹೆಂಗಸರು, "ನಿನ್ ಮಗಳಿಗೆ ಯಾರಾದ್ರೂ ಮಂತ್ರಿಸ್ಯಾರೇನೆ?" ಎಂದು ಅವ್ವನನ್ನು ರೇಗಿಸುತ್ತಿದ್ದರು.

ಸಂಜೆ ಸುಲಿದದ್ದನ್ನು ತೂಗಿ ಕೂಲಿ ಬರೆಸುತ್ತಿದ್ದರು. ಸಾಹುಕಾರರ ಕಡೆಯವನು ತಕ್ಕಡಿ ತಂದು ನಿಲ್ಲಿಸಿದ ಕೂಡಲೇ ಅವ್ವ ಸೊಂಟದ ಮೇಲೆ ಕೈ ಇಡುತ್ತಿದ್ದಳು.

"ಮೊದ್ಲು ಬರಿ ತಕ್ಕಡಿ ಎತ್ತಪ್ಪ."

"ನಿನ್ನೆನೂ ಎತ್ತಿ ತೋರಿಸಿದೀನಲ್ಲಬೇ."

"ನಿನ್ನೆ ತಕ್ಕಡಿ ನಿನ್ನೇದು. ಇವತ್ತಿಂದು ಎತ್ತು."

ಅವನು ಗೊಣಗಿಕೊಂಡು ಖಾಲಿ ತಕ್ಕಡಿ ಎತ್ತಿ ಹಿಡಿಯುತ್ತಿದ್ದ. ಎರಡು ತಟ್ಟೆಯೂ ಸಮ ನಿಂತ ಮೇಲೆಯೇ ಅವ್ವ ಅಡಿಕೆ ಸುರಿಯುತ್ತಿದ್ದುದು. ಅವಳ ಹಿಂದೆ ಉಳಿದ ಹೆಂಗಸರು ಆ ಸಮಗೊಂಡ ತಕ್ಕಡಿಯ ಪುಣ್ಯ ಉಣ್ಣುತ್ತಿದ್ದರು. ತೂಕಕ್ಕೆ ಹೋಗುವ ಮುಂಚೆ ಅವಳು ಒಂದೊಂದು ಹಿಡಿಯನ್ನೂ ಅಂಗೈಯಲ್ಲಿ ಆಡಿಸಿ, ಬಲಿತದ್ದೆಷ್ಟು, ಎಳೆಯದೆಷ್ಟು ಎಂದು ಹೇಳಿಬಿಡುತ್ತಿದ್ದಳು. ಆ ಅಂಗೈ ನನಗೂ ಬಂದಿತ್ತು.

ಇಂಟರ್‌ವ್ಯೂ ದಾವಣಗೆರೆಯ ಒಂದು ಲಾಡ್ಜಿನ ಮೇಲಿನ ಕೋಣೆಯಲ್ಲಿ. ಹೊರಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಹುಡುಗರು, ನಾನೊಬ್ಬಳು ಹುಡುಗಿ. ಜಗಳೂರಿನ ಮೊದಲ ಬಸ್ಸಿಗೆ ಬಂದಿದ್ದ ತಿಪ್ಪೇಸ್ವಾಮಿಯ ಅಂಗಿಯ ಮೇಲೆ ಇನ್ನೂ ದಾರಿಯ ಧೂಳಿತ್ತು. ಒಳಗೆ ಹೋಗಿ ಬಂದ ಒಬ್ಬ ಹುಡುಗ ತಲೆ ಕೆರೆದುಕೊಳ್ಳುತ್ತಾ, "ಎರಡೇ ಸಲ ತೂಗಿದೆ ಕಣ್ರೀ, ಗುಂಡು ತಪ್ಪು ಅಂತಾರೆ," ಎಂದು ಮೆಟ್ಟಿಲಿಳಿದು ಹೋದ. ತಿಪ್ಪೇಸ್ವಾಮಿಯೂ ನಾನೂ ಮುಖ ನೋಡಿಕೊಂಡೆವು. ಒಂಬತ್ತು ಗುಂಡು! ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗ ಎಲ್ಲೋ ಎಡವಿದ್ದಾನೆ ಅಂದುಕೊಂಡೆ. ಪಟ್ಟಿಯಲ್ಲಿ ನನ್ನ ಹೆಸರು ತಿಪ್ಪೇಸ್ವಾಮಿಗಿಂತ ಮುಂಚೆ ಇತ್ತು. ಕರೆದರು.

ಮೇಜಿನ ಹಿಂದೆ ಇಬ್ಬರು. ಸಫಾರಿ ಹಾಕಿದ ಹಿರಿಯರೊಬ್ಬರು, ಪಕ್ಕದಲ್ಲಿ ಬರೆದುಕೊಳ್ಳುವ ಕಿರಿಯರೊಬ್ಬರು. ನಾನು ಒಗಟನ್ನು ಬಾಯಲ್ಲಿ ಕೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಮೇಜಿನ ಮೇಲೆ ನಿಜವಾದ ತಕ್ಕಡಿಯೇ ಇತ್ತು. ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ಕೈತಕ್ಕಡಿ. ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ಒಂಬತ್ತು ಮರದ ಗುಂಡು.

"ಒಂದು ಭಾರ ಇದೆ. ತಕ್ಕಡಿಯನ್ನು ಎರಡು ಸಲ ಮಾತ್ರ ಬಳಸಬಹುದು. ಹುಡುಕಿ ಕೊಡಿ," ಅಂದರು ಹಿರಿಯರು.

ನನ್ನ ತಲೆ "ಮೂರು ಮೂರು" ಎನ್ನುತ್ತಿತ್ತು. ನನ್ನ ಕೈ ಮಾತ್ರ ತಲೆಯ ಮಾತು ಕೇಳಲಿಲ್ಲ. ಅದು ಹೋಗಿ ಬರಿ ತಕ್ಕಡಿಯನ್ನು ಎತ್ತಿ ಹಿಡಿಯಿತು.

"ಒಂದು ಸಲ ಆಯಿತು," ಅಂದರು ಹಿರಿಯರು.

"ಇನ್ನೂ ಏನೂ ಇಟ್ಟಿಲ್ಲವಲ್ಲ ಸರ್!"

"ತಕ್ಕಡಿ ಬಳಸಿದಿರಿ."

"ಬಳಸಲಿಲ್ಲ ಸರ್, ನೋಡಿದೆ. ನೀವೇ ನೋಡಿ, ಎಡಗಡೆ ತಟ್ಟೆ ಕೂದಲೆಳೆಯಷ್ಟು ಕೆಳಗಿದೆ."

ಇದ್ದದ್ದು ನಿಜ. ಕಿರಿಯರು ಬಗ್ಗಿ ನೋಡಿ, ನಗು ಮರೆಸಲು ಕಾಗದ ತಿರುವಿದರು. ಆ ಮೊದಲು ಹೋದ ಹುಡುಗನ ಗುಂಡು ಯಾಕೆ ತಪ್ಪಾಯಿತೆಂದು ನನಗೆ ಆ ಕ್ಷಣವೇ ತಿಳಿಯಿತು. ಸಮವಾಗಿದ್ದ ಗುಂಪುಗಳಲ್ಲಿ ಎಡಗಡೆಯದು ಭಾರವೆಂದು ತಕ್ಕಡಿ ಅವನಿಗೆ ಸುಳ್ಳು ಹೇಳಿತ್ತು. ಹಿರಿಯರ ಮುಖ ಮಾತ್ರ ಅಲುಗಲಿಲ್ಲ.

"ಅದು ಪ್ರಶ್ನೆಯ ಭಾಗವಲ್ಲ. ಇನ್ನು ಒಂದೇ ಸಲ ಉಳಿದಿದೆ."

ಅಲ್ಲಿಗೆ ಸುಮ್ಮನಾಗಬೇಕಿತ್ತು. "ಮೂರು ಸಲ ಕೊಡಿ ಸರ್. ತಕ್ಕಡಿ ಪರೀಕ್ಷೆಗೆ ಒಂದು, ಗುಂಡಿಗೆ ಎರಡು. ನ್ಯಾಯ ಅಲ್ಲವಾ?" ಅಂದೆ.

"ಇದು ಸಂತೆಯಲ್ಲಮ್ಮ."

ಉಳಿದ ಒಂದು ತೂಕದಲ್ಲಿ ಮೂರು ಮೂರು ಇಟ್ಟೆ. ಎಡಗಡೆ ಅದೇ ಕೂದಲೆಳೆಯಷ್ಟು ಇಳಿಯಿತು. ಅಂದರೆ ಎರಡೂ ಸಮ, ಭಾರದ್ದು ಹೊರಗಿನ ಮೂರರಲ್ಲಿದೆ. ಆ ಮೂರನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಆಡಿಸಿದೆ. ಎರಡನೆಯದು. ಅದನ್ನು ಹಿರಿಯರ ಮುಂದಿಟ್ಟೆ. ಕಿರಿಯರು ತಮ್ಮ ಚೀಟಿ ನೋಡಿ ತಲೆ ಎತ್ತಿದರು. ಸರಿಯಿತ್ತು.

"ಕೈಯಲ್ಲಿ ತೂಗುವಂತಿಲ್ಲ," ಅಂದರು ಹಿರಿಯರು. "ನಮಗೆ ಬೇಕಿರುವುದು ಗುಂಡಲ್ಲ, ನೀವು ಯೋಚಿಸುವ ಕ್ರಮ. ಹೋಗಿಬನ್ನಿ."

ಹೊರಗೆ ಬಂದೆ. ಮುಂದಿನ ಹೆಸರು ತಿಪ್ಪೇಸ್ವಾಮಿಯದು, ಆದರೆ ಒಳಗಿನವರು ಚಹಾ ತರಿಸಿಕೊಂಡರು. ಅಷ್ಟು ಹೊತ್ತು ಸಿಕ್ಕಿತು. ಅವನು ಎದ್ದು ಬಂದು, "ಏನ್ ಕೇಳಿದ್ರು ಗಿರಿಜಾ? ಅದೇ ಗುಂಡಾ?" ಅಂದ.

ಮೂಲೆಯಲ್ಲಿ ನೀರಿನ ಹೂಜಿ ಇತ್ತು. ನಾನು ಹೋಗಿ ಒಂದು ಲೋಟ ನೀರು ಬಗ್ಗಿಸಿಕೊಂಡು ನಿಧಾನಕ್ಕೆ ಕುಡಿದೆ. ನಿಜ ಹೇಳುತ್ತೇನೆ, ಆ ಒಂದು ಲೋಟ ನೀರು ಮುಗಿಯುವವರೆಗೂ ಹೇಳಬಾರದೆಂದೇ ಇದ್ದೆ. "ಹೌದು, ಅದೇ ಗುಂಡು" ಎಂದಷ್ಟೇ ಹೇಳಿದರೆ ಸುಳ್ಳಾಗುತ್ತಿರಲಿಲ್ಲ. ಅವನು ಹೋಗಿ ಎರಡು ಸಲ ತೂಗಿ ತಪ್ಪು ಗುಂಡು ಎತ್ತುತ್ತಿದ್ದ. ಅವನೂ ಸೋತರೆ ನನ್ನ ಹೆಸರು ಮತ್ತೆ ಮೇಲೆ ಬರಬಹುದು ಎಂಬ ದುರಾಸೆಯೂ ಇತ್ತು. ಆದರೆ ಅರ್ಧ ಹೇಳುವಂತಿಲ್ಲ ಎಂದು ಕರಾರು ಬರೆದ ಕೈ ನನ್ನದೇ. ಮಳೆಗಾಲವೆಲ್ಲ ಆ ಕರಾರಿನ ಲಾಭ ಉಂಡವಳೂ ನಾನೇ.

"ಬರಿ ತಕ್ಕಡಿ ಮುಟ್ಟಬ್ಯಾಡ್ರಿ, ಅದನ್ನೂ ಒಂದು ಸಲ ಅಂತ ಹಿಡಿತಾರೆ," ಅಂದೆ. "ಎಡಗಡೆ ತಟ್ಟೆ ಕೂದಲೆಳೆಯಷ್ಟು ಕೆಳಗೈತೆ. ಅಷ್ಟೇ ಇಳಿದರೆ ಸಮ ಅಂತ ತಿಳಕಳ್ರಿ. ಜಾಸ್ತಿ ಇಳಿದರೆ ಮಾತ್ರ ಎಡಗಡೆ ಭಾರ. ಬಾಯಿ ಬಿಡಬ್ಯಾಡ್ರಿ."

"ನಿಮಗೆ ಹೆಂಗೆ ಗೊತ್ತಾತು?"

"ಹೋಗ್ರಿ ಒಳಗೆ, ಕರೀತಾ ಅವರೆ."

ಎರಡು ವಾರದ ನಂತರ ಅವನಿಗೆ ಕೆಲಸದ ಕಾಗದ ಬಂತು. ನನಗೆ ಅಚ್ಚು ಹಾಕಿಸಿದ ನಾಲ್ಕು ಸಾಲಿನ ವಿಷಾದ ಬಂತು. ಅಷ್ಟರಲ್ಲಿ ಕಿಟಕಿ ಪಕ್ಕ ರುದ್ರೇಶಣ್ಣನ ಭಾಮೈದ ಕೂತಾಗಿತ್ತು.

ಆದರೆ ನನ್ನನ್ನು ಇವತ್ತಿಗೂ ಕುಟುಕುವುದು ಆ ಕಾಗದವಲ್ಲ, ಇಂಟರ್‌ವ್ಯೂ ದಿನ ಸಂಜೆ ಅವ್ವ ಆಡಿದ ಮಾತು. ಚನ್ನಗಿರಿಗೆ ವಾಪಸು ಬಂದು, ಅವಳು ಕೈ ತೊಳೆಯುತ್ತಿದ್ದ ಕಲ್ಲಿನ ಪಕ್ಕ ಕೂತು ಎಲ್ಲ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ. ಅವಳ ಮಾತನ್ನೇ ಪಾಲಿಸಿ ಕೆಟ್ಟಿದ್ದೆನಲ್ಲ!

"ತಕ್ಕಡಿ ನೋಡಿದ್ದೇನೋ ಸರಿ," ಅಂದಳು ಅವ್ವ. "ಅವರ ಎದುರಿಗೆ ಯಾಕೆ ನೋಡಿದೆ?"

"ನೀನು ಎದುರಿಗೇ ನೋಡ್ತೀಯಲ್ಲವ್ವ! ದಿನಾ!"

"ದಿನಾ ಅಂತ ಯಾರು ಹೇಳಿದ್ರು ನಿಂಗೆ?" ಕೈಗೆ ಬೂದಿ ಹಚ್ಚಿ ಉಜ್ಜುತ್ತಾ ಹೇಳಿದಳು. "ಕೊಯ್ಲಿನಾಗೆ ಎತ್ತಿಸ್ತೀನಿ. ಕಾಯಿ ರಾಶಿ ಬಿದ್ದು ಕೊಳೀತಿರ್ತದೆ, ಸುಲಿಯಾರು ಸಿಗಲ್ಲ, ನಾ ಎದ್ದು ಹೋದ್ರೆ ಸಾಹುಕಾರಂಗೆ ನಷ್ಟ. ಅದುಕ್ಕೆ ಎತ್ತುತಾನೆ. ಕೊಯ್ಲು ಮುಗಿದು ಕೆಲಸ ಕಮ್ಮಿ ಆದಾಗ ಅವ್ನು ಎಷ್ಟು ತೂಗಿದ್ರೆ ಅಷ್ಟು, ಬಾಯಿ ಮುಚ್ಚಿಕಂಡು ಇಸ್ಕಂಬರ್ತೀನಿ. ನೀನು ಹಾಸ್ಟೆಲ್‌ನಾಗೆ ಇದ್ದೆ, ರಜಕ್ಕೆ ಬಂದಾಗ ಕೊಯ್ಲು ನೋಡಿದೆ. ಅವ್ರಿಗೇನು, ಹೊರಗೆ ಹತ್ತು ಜನ ಕುಂತಿದ್ರು. ನಿಂದೇನು ಜೋರು ನಡೀತದೆ ಅಲ್ಲಿ?"

ಅವ್ವ ಬಾಯಿ ಮುಚ್ಚಿಕೊಂಡು ಕೂಲಿ ಇಸಿದುಕೊಳ್ಳುವುದನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಆ ಸಫಾರಿಯವರ ಮೇಲೋ, ಸಾಹುಕಾರರ ಮೇಲೋ, ಅವ್ವನ ಮೇಲೋ, ಅರ್ಧ ಪಾಠ ಕಲಿತ ನನ್ನ ಮೇಲೋ, ತಿಳಿಯಲಿಲ್ಲ. ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಮಹಾಲಿಂಗಪ್ಪ ಮೇಷ್ಟ್ರ ಜಗುಲಿಯ ಒಂದು ಮೂಲೆಯನ್ನು ಕೇಳಿ ಪಡೆದು ನ್ಯಾಮತಿಯಲ್ಲಿ ನನ್ನದೇ ಮೇಜು ಹಾಕಿದೆ. ಮೇಷ್ಟ್ರು ಬಾಡಿಗೆ ಬೇಡವೆಂದರು, ನಾನು ಕೊಟ್ಟೆ. ಪುಕ್ಕಟೆ ಜಾಗದಲ್ಲಿ ಕೂತವಳ ಮಾತಿಗೆ ತೂಕ ಇರುವುದಿಲ್ಲ.

ಜಗುಲಿ ಹೋಗಿ ಅಂಗಡಿಯಾಯಿತು, ಅಂಗಡಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಬಂದವು. ಅವನ್ನು ಮಾರುವುದು, ರಿಪೇರಿ ಮಾಡುವುದು ಈಗ ನನ್ನ ಕಸುಬು. ಅವ್ವನನ್ನು ಕತ್ತಿಯ ಮುಂದಿನಿಂದ ಎಬ್ಬಿಸಿದೆ, ಆದರೆ ಅಂದುಕೊಂಡದ್ದಕ್ಕಿಂತ ಆರು ವರ್ಷ ತಡವಾಗಿ. ಆ ಆರು ವರ್ಷವನ್ನು ನಾನು ಯಾರಿಗೂ ಕ್ಷಮಿಸಿಲ್ಲ. ತಿಪ್ಪೇಸ್ವಾಮಿ ಮೊದಲ ಸಂಬಳ ಬಂದಾಗ ನ್ಯಾಮತಿಗೆ ಬಂದು, "ನಿಮ್ಮ ಕೆಲಸ ಗಿರಿಜಾ ಅದು. ಅವರ ಹತ್ರ ಹೋಗಿ ಇದ್ದದ್ದು ಹೇಳಿಬಿಡ್ತೀನಿ," ಅಂದಿದ್ದ. "ಹೇಳಿದ್ರೆ ಇಬ್ಬರಿಗೂ ಇಲ್ಲ. ಸುಮ್ನೆ ಹೋಗಿ ಮಾಡ್ರಿ," ಎಂದು ಕಳಿಸಿದೆ. ವರ್ಷಗಟ್ಟಲೆ ಬ್ಯಾಂಕುಗಳ ಕೆಟ್ಟ ಸ್ಟೆಬಿಲೈಸರ್‌ಗಳನ್ನು ರಿಪೇರಿಗೆ ನನ್ನ ಕಡೆಗೇ ದಾಟಿಸಿದ. ಒಳ್ಳೆಯ ಮನುಷ್ಯ. ಸಿಟ್ಟು ಮಾಡಿಕೊಳ್ಳಲೂ ಆಗದಷ್ಟು ಒಳ್ಳೆಯವನು, ಅದೊಂದು ಬೇರೆ ಸಂಕಟ.

ಒಗಟಿನ ಇಂಟರ್‌ವ್ಯೂಗೆ ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೆಲೆ ತೆತ್ತವಳ ಮಾತು ಕೇಳಿ. ಹೊಸ ಕೆಲಸದ ಕಾಗದ ಕೈಗೆ ಬರುವವರೆಗೆ ಕೂತ ಮೇಜು ಬಿಡಬೇಡಿ. ಹತ್ತು ದಿನ ರಜೆ ಕೊಡದಿದ್ದರೆ ಐದಕ್ಕೆ ಇಳಿಸಿ, ಐದಕ್ಕೆ ಆಗದಿದ್ದರೆ ಎರಡು ಅರ್ಧ ದಿನ ಕೇಳಿ. ಒಗಟು ಮುಂದಿಟ್ಟಾಗ ಕೈ ಮಡಿಲಲ್ಲಿರಲಿ. ಮೊದಲು ಬಾಯಿ ಬಿಟ್ಟು, ಮೆತ್ತಗೆ, "ತಕ್ಕಡಿ ಸರಿಯಿದೆ ಎಂದು ಇಟ್ಟುಕೊಳ್ಳಲೇ ಸರ್?" ಎಂದು ಕೇಳಿ. ಕೇಳಿದ್ದನ್ನು ಯಾರೂ ಎಣಿಸುವುದಿಲ್ಲ, ಎತ್ತಿದ್ದನ್ನು ಎಣಿಸುತ್ತಾರೆ. ಅವರು ಹೌದೆಂದರೆ ಅವರು ಹಾಕಿದ ಮಣೆ ಮೇಲೆ ಕೂತು, ಅವರು ಬಡಿಸಿದ್ದನ್ನು ಉಂಡು, ಉತ್ತರ ಹೇಳಿ ಎದ್ದು ಬನ್ನಿ. ಹೊರಗೆ ಬೆಂಚಿನ ಮೇಲೆ ಕೂತವರು ಏನು ಕೇಳಿದರೆಂದು ಕೇಳುತ್ತಾರೆ. ಪೂರ್ತಿ ಹೇಳಿ. ಹೊಟ್ಟೆ ಉರಿಯುತ್ತದೆ, ಒಂದು ಲೋಟ ನೀರು ಕುಡಿದು ಹೇಳಿ. ಕೆಲಸಕ್ಕೆ ಸೇರಿದ ಮೇಲೆ ಸುಮ್ಮನೆ ಕಲಿಯಿರಿ. ನೀವು ಎದ್ದು ಹೋದರೆ ಅವರಿಗೆ ನಷ್ಟ ಎನ್ನುವ ಕೊಯ್ಲಿನ ಕಾಲ ಒಂದಲ್ಲ ಒಂದು ದಿನ ಬರುತ್ತದೆ. ಅವತ್ತು ಮಾತ್ರ ಮರೆಯಬೇಡಿ: ಸೊಂಟದ ಮೇಲೆ ಕೈಯಿಟ್ಟು, ಎಲ್ಲರ ಎದುರಿಗೆ, ಮೊದಲು ಬರಿ ತಕ್ಕಡಿ ಎತ್ತಿಸಿ. ಹಿಂದೆ ನಿಂತವರೂ ಅದೇ ತಕ್ಕಡಿಯಲ್ಲೇ ತೂಗಿಸಿಕೊಳ್ಳಬೇಕು.